ಬಸಲಿಂಗನ ಮುನ್ನೂರ ನಲವತ್ತೇಳು ಪುಸ್ತಕಗಳು

ವೇಣಿಯ ಬಾಯಿ ಸರಿಯಿಲ್ಲ ಎಂದು ಪಟ್ಟಂದೂರು ಅಗ್ರಹಾರದ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರು ನಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದು ಹೋಗಿದೆ, ಅವರಿಗೆ ಯಾರೂ ಹೇಳಬೇಕಾಗಿಲ್ಲ. ಆ ವೇಣಿ ನಾನೇ. ಕೆಳಗೆ ನನ್ನ ಜೆರಾಕ್ಸ್ ಅಂಗಡಿ, ಅದರ ಹಿಂದೆ ನಾನಿರುವ ಮನೆ, ಮೇಲೆ ಬಾಡಿಗೆಗೆ ಕೊಟ್ಟ ನಾಲ್ಕು ರೂಮು. ಹೊಸದಾಗಿ ಬಂದವರಿಗೆ ಬೀಗದ ಕೈ ಕೊಡುವಾಗ ಜೊತೆಗೆ ಒಂದು ಕಾಗದವನ್ನೂ ಕೊಡುತ್ತೇನೆ. ನೀರು ಬೆಳಿಗ್ಗೆ ಆರರಿಂದ ಎಂಟು. ಗೇಟು ಹಾಕಿಕೊಂಡು ಹೋಗಬೇಕು. ಗೋಡೆಗೆ ಮೊಳೆ ಹೊಡೆಯಕೂಡದು. ಮೂರನೆಯದು ದಪ್ಪಕ್ಷರದಲ್ಲಿದೆ. ಆ ಗೋಡೆಗಳನ್ನು ನಮ್ಮಪ್ಪ ದೊಡ್ಡಮುನಿಯಪ್ಪ ಮೇಷ್ಟ್ರು ರಿಟೈರಾದ ವರ್ಷ ಎದುರು ನಿಂತು ಕಟ್ಟಿಸಿದ್ದರು. ಅವರು ಹೋದ ಮೇಲೆ ಗೋಡೆಗೆ ಒಂದು ಗೀರು ಬಿದ್ದರೂ ನನಗೆ ತಡೆಯುವುದಿಲ್ಲ.

ಬಸಲಿಂಗ ಆ ಕಾಗದವನ್ನು ಬಾಗಿಲಲ್ಲೇ ನಿಂತು ಎರಡು ಸಲ ಓದಿದ. ನಾಲ್ಕು ವರ್ಷದ ಹಿಂದಿನ ಮಾತು. ಅದನ್ನು ಪೂರ್ತಿ ಓದಿದ ಬಾಡಿಗೆದಾರ ಇವತ್ತಿಗೂ ಅವನೊಬ್ಬನೇ. ರೋಣದ ಕಡೆಯವನು, ಆಗ ಮೂವತ್ತರ ಆಸುಪಾಸು. ಐಟಿಐ ಮಾಡಿಕೊಂಡು ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಸ್ಪ್ಯಾನರ್ ಯಾರು ಒಯ್ದರು, ವಾಪಸ್ ತಂದರೇ, ತಂದದ್ದು ತನ್ನ ಜಾಗಕ್ಕೆ ಹೋಯಿತೇ, ಇದೇ ಅವನ ದಿನದ ಕೆಲಸ. ಹೆಂಡತಿ ಭುವನೇಶ್ವರಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮಾತಿನಲ್ಲಿ ಮಾತ್ರ ನನಗೇ ನೀರು ಕುಡಿಸುತ್ತಾಳೆ. ಅವರ ಸಾಮಾನೆಂದರೆ ಒಂದು ಟ್ರಂಕು, ಒಂದು ಮಂಚ, ಅಡುಗೆ ಪಾತ್ರೆಗಳು, ಮತ್ತೆ ಒಂದು ಕಂಪ್ಯೂಟರು. ಕಂಪನಿಯ ಆಫೀಸಿನವರು ಹಳತಾಯಿತೆಂದು ಹೊರಗೆ ಹಾಕಿದ್ದನ್ನು ತಂದು ಬಿಚ್ಚಿ ತಾನೇ ರಿಪೇರಿ ಮಾಡಿಕೊಂಡಿದ್ದ.

ಬಂದ ವಾರದಿಂದಲೇ ಸಂಜೆ ಏಳಾದರೆ ಮೇಲಿನಿಂದ ಅವನ ದನಿ ಕೇಳಲು ಶುರುವಾಯಿತು. ಒಬ್ಬನೇ ಮಾತಾಡುವ ದನಿ, ನಡುನಡುವೆ ರೊಟ್ಟಿ ಬಡಿಯುವ ಸದ್ದು. ಗಂಡಹೆಂಡಿರ ಜಗಳವೇನೋ ಎಂದುಕೊಂಡೆ. ಬಾಡಿಗೆದಾರರ ಜಗಳವೆಂದರೆ, ಸುಳ್ಳು ಯಾಕೆ ಹೇಳಲಿ, ನನಗೆ ಸ್ವಲ್ಪ ಕುತೂಹಲವೇ. ನೀರಿನ ನೆಪ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಭುವನೇಶ್ವರಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಸಲಿಂಗ ಕಂಪ್ಯೂಟರಿನ ಪರದೆಯ ಮೇಲೆ ಬಿಚ್ಚಿಕೊಂಡಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ನೋಡುತ್ತಾ ಅವಳಿಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಪಕ್ಕದಲ್ಲಿ ಮುದುರಿಹೋದ ಒಂದು ಡಿಕ್ಷನರಿ ಇತ್ತು.

“ಏನಪ್ಪಾ ಇದು, ಟ್ಯೂಷನ್ನಾ?” ಎಂದೆ.

“ಆಟ ರೀ ಅಕ್ಕಾರ,” ಎಂದು ಎದ್ದು ನಿಂತ.

“ಆಟದಲ್ಲಿ ಪುಸ್ತಕ ಏನಕ್ಕೋ?”

ಅವನು ತೋರಿಸಿದ. ಅದೊಂದು ದೊಡ್ಡ ಲೋಕ. ರಾಜರು, ಮಾಟಗಾರರು, ಬೆಂಕಿ ಉಗುಳುವ ಡ್ರ್ಯಾಗನ್ನುಗಳು ಎಲ್ಲ ಇದ್ದವು. ಆಡುವವನು ಕತ್ತಿ ಹಿಡಿದ ವೀರನಾಗಿ ಆ ದೇಶವನ್ನು ಕಾಪಾಡಬೇಕಂತೆ. ಆ ಲೋಕದ ಮನೆ, ಗುಹೆ, ಹಾಳು ಕೋಟೆಗಳಲ್ಲಿ ಅಲ್ಲಲ್ಲಿ ಪುಸ್ತಕಗಳು ಬಿದ್ದಿರುತ್ತವೆ. ಎತ್ತಿಕೊಂಡು ಬಿಚ್ಚಿದರೆ ನಿಜವಾಗಿಯೂ ಓದಬಹುದು, ಎರಡು ಪುಟದಿಂದ ಹತ್ತು ಪುಟದವರೆಗೆ. ಬೇರೆ ಹುಡುಗರು ಅದನ್ನು ನೋಡಿಯೂ ನೋಡದೆ ಕತ್ತಿ ಬೀಸುತ್ತಾ ಹೋಗುತ್ತಾರೆ. ಬಸಲಿಂಗನ ವೀರ ಮಾತ್ರ ಡ್ರ್ಯಾಗನ್ ಕಂಡರೆ ಬಂಡೆಯ ಹಿಂದೆ ಅವಿತುಕೊಂಡು, ಅದು ಹೋದ ಮೇಲೆ ಪುಸ್ತಕ ಹುಡುಕುತ್ತಿದ್ದ.

“ಅಲ್ಲಾ ಕಣೋ, ದೇಶ ಕಾಪಾಡೋದು ಯಾವಾಗ?”

“ಕಾಪಾಡೂಣ್ರೀ. ಅದಕ್ಕೇನ ಅವಸರ?”

ಆಮೇಲೆ ಆಟದೊಳಗಿನ ತನ್ನ ಮನೆಯನ್ನು ತೋರಿಸಿದ. ಮರದ ಮನೆ, ಕೆರೆಯ ದಂಡೆಯಲ್ಲಿತ್ತು. ಬಾಗಿಲು ತೆರೆದರೆ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕಪಾಟು. ಪುಸ್ತಕಗಳನ್ನು ಎತ್ತರ ನೋಡಿ, ಬಣ್ಣ ನೋಡಿ, ಭಾಗ ಒಂದು ಭಾಗ ಎರಡು ಎಂದು ಸಾಲಾಗಿ ಜೋಡಿಸಿದ್ದ. ನೋಡಲು ಬಲು ಚಂದವಿದ್ದ ಕೆಲವನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ. ಆ ಆಟದಲ್ಲಿ ವೀರನ ಮೊಣಕೈ ತಗುಲಿದರೂ ಸಾಲು ಪೂರ್ತಿ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಮತ್ತೆ ಒಂದೊಂದಾಗಿ ನಿಲ್ಲಿಸುತ್ತಾ ಅವನು ಇಡೀ ಭಾನುವಾರ ಕಳೆದದ್ದನ್ನು ನಾನೇ ನೋಡಿದ್ದೇನೆ. ಸ್ಟೋರ್ಸಿನವನ ಕೈ, ವಸ್ತು ತನ್ನ ಜಾಗದಲ್ಲಿ ಇಲ್ಲದಿದ್ದರೆ ಊಟ ಸೇರುವುದಿಲ್ಲ.

ಅದಕ್ಕೂ ಅವನಿಗೆ ನೇಮವಿತ್ತು. ಜನ ವಾಸವಿರುವ ಮನೆಯಿಂದ ಪುಸ್ತಕ ಮುಟ್ಟುತ್ತಿರಲಿಲ್ಲ. ಪಾಳು ಬಿದ್ದ ಕಡೆಯಿಂದ, ಗುಹೆಗಳಿಂದ ಮಾತ್ರ. ಒಂದು ಸಲ ಗುಹೆಯಲ್ಲಿ ಒಂದು ಅಸ್ಥಿಪಂಜರ ಗೋಡೆಗೆ ಒರಗಿ ಕೂತಿತ್ತು, ಪಕ್ಕದಲ್ಲಿ ಪುಸ್ತಕ. “ಓದಕೋಂತನ ಸತ್ತಾನ್ರೀ ಪಾಪ,” ಎಂದು ಬಸಲಿಂಗ ಲೊಚಗುಟ್ಟಿದ. ಆ ಪುಸ್ತಕ ಎತ್ತಿಕೊಂಡು, ಬದಲಿಗೆ ಅಲ್ಲಿ ಒಂದು ಸೇಬು ಇಟ್ಟು ಬಂದ. ನಾನು ನಕ್ಕು ನಕ್ಕು ಸುಸ್ತಾದೆ. “ಇಲ್ಲದ ಪುಸ್ತಕ, ಇಲ್ಲದ ಹೆಣ, ಇಲ್ಲದ ಸೇಬು. ನಿನ್ಗೆ ತಲೆ ನೆಟ್ಟಗಿದ್ಯೇನೋ?” ಎಂದೆ. ಅವನು ಕೋಪಿಸಿಕೊಳ್ಳಲಿಲ್ಲ. ಅವನಿಗೆ ಕೋಪವೆಂಬುದೇ ಗೊತ್ತಿಲ್ಲ, ಅದೇ ನನಗೆ ಕೋಪ ಬರಿಸುವ ಸಂಗತಿ.

ಯಾಕೆ ಈ ಹುಚ್ಚು ಎಂದು ಒಂದು ದಿನ ನೇರವಾಗಿಯೇ ಕೇಳಿದೆ. ಆಗ ಹೇಳಿದ. ಊರಿನಿಂದ ಬರುವಾಗ ಒಂದು ಗೋಣಿಚೀಲದ ತುಂಬ ಕನ್ನಡ ಪುಸ್ತಕ ತಂದಿದ್ದನಂತೆ. ಕಾಡುಗೋಡಿಯ ರೂಮಿನಲ್ಲಿ ಅವನ್ನು ನೆಲದ ಮೇಲಿಟ್ಟಿದ್ದ, ಒಂದು ಮಳೆಗೆ ನೀರು ನುಗ್ಗಿ ಅರ್ಧ ಹಾಳಾದವು. ಅದಾದ ಮೇಲೆ ಹಿಡಿದ ರೂಮಿನ ಮಾಲೀಕರು ವಾರದೊಳಗೆ ಖಾಲಿ ಮಾಡು ಎಂದರು, ಉಳಿದರ್ಧ ರದ್ದಿಗೆ ಹೋದವು. “ಈ ಆಟದಾಗಿನ ಮನ್ಯಾಗ ನೀರ ಬರಂಗಿಲ್ರಿ, ಗೆದ್ದಲ ಹತ್ತಂಗಿಲ್ರಿ. ಇಲ್ಲಿಂದ ನನ್ನ ಯಾರೂ ಎಬ್ಬಸಂಗಿಲ್ಲ,” ಎಂದ. ಮನೆ ಒಡತಿಯ ಮುಂದೆಯೇ ಹೇಳಿದೆನಲ್ಲ ಎಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ. ನಾನು ಕೇಳಿಸದವಳ ಹಾಗೆ ಇಳಿದು ಬಂದೆ.

ಹೀಗೆ ಮೂರು ವರ್ಷದಲ್ಲಿ ಮುನ್ನೂರ ನಲವತ್ತೇಳು ಪುಸ್ತಕಗಳಾದವು. ಅಷ್ಟನ್ನೂ ಒಂದೊಂದು ಸಂಜೆಗೆ ಒಂದರಂತೆ ಹೆಂಡತಿಗೆ ಹೇಳಿ ಮುಗಿಸಿದ್ದ. ಇಷ್ಟವಾದವನ್ನು ಅವಳು ಎರಡೆರಡು ಸಲ ಹೇಳಿಸುತ್ತಿದ್ದಳು. ನಾನು ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಮೆಟ್ಟಿಲಿನ ಕೆಳಗೆ ಏನೋ ಹುಡುಕುವವಳಂತೆ ನಿಂತು ಕೇಳುತ್ತಿದ್ದೆ. ಈಗ ಒಪ್ಪಿಕೊಂಡರೆ ತಪ್ಪೇನು.

ಹೋದ ವರ್ಷದ ದಸರಾ ಬಂತು. ಅಪ್ಪ ಮೇಷ್ಟ್ರಾಗಿದ್ದರಿಂದ ನಮ್ಮ ಮನೆಯಲ್ಲಿ ಸರಸ್ವತಿ ಪೂಜೆ ತುಸು ಜೋರೇ. ಬೀದಿಯ ಮಕ್ಕಳೆಲ್ಲ ಪುಸ್ತಕ ತಂದು ಮಣೆಯ ಮೇಲಿಡುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟರೆ ವಿಜಯದಶಮಿಯವರೆಗೂ ಯಾರೂ ಮುಟ್ಟುವಂತಿಲ್ಲ, ಓದುವಂತಿಲ್ಲ. ಬಸಲಿಂಗನೂ ಬಂದ. ಬರಿಗೈಯಲ್ಲಿ ಬಂದು ಬಾಗಿಲ ಬಳಿ ನಿಂತ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಓಹೋ, ನೂರಾರು ಪುಸ್ತಕದ ಯಜಮಾನ್ರು ಕೈ ಬೀಸ್ಕೊಂಡು ಬಂದ್ಬಿಟ್ರಲ್ಲಪ್ಪಾ! ನಿನ್ನ ಆಟದ ಪುಸ್ತಕಕ್ಕೆ ಸರಸ್ವತಿ ಬೇಡ್ವಾ? ಹೋಗು, ಅವನ್ನೂ ಪೂಜೆಗಿಡು. ಇಟ್ಮೇಲೆ ಮುಟ್ಬಾರ್ದು, ಗೊತ್ತಲ್ಲ? ಮುಟ್ಟಿದ್ರೆ ಕಲ್ತ ವಿದ್ಯೆ ಹತ್ತಲ್ಲ.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. “ಹೌದ್ರೀ ಅಕ್ಕಾರ, ಖರೇನ,” ಎಂದು ಹೇಳಿ ಮೇಲೆ ಹೋದ.

ವಿಜಯದಶಮಿಯ ಬೆಳಿಗ್ಗೆ ನಾನು ಮಕ್ಕಳಿಗೆ ಪುಸ್ತಕ ಹಿಂದೆ ಕೊಡುತ್ತಿದ್ದಾಗ ಬಸಲಿಂಗ ಬಂದು ಕರೆದ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ. “ಬರ್ರಿ ಅಕ್ಕಾರ, ನಮ್ಮವೂ ಪೂಜಿ ಇಳಸೂಣು. ನೀವ ಮೊದಲನೇದ ಎತ್ತಬೇಕ್ರಿ,” ಎಂದ. ಕೋಸಂಬರಿಯ ಬಟ್ಟಲು ಹಿಡಿದು ಹೋದೆ. ಕಂಪ್ಯೂಟರಿಗೂ ಕುಂಕುಮವಿಟ್ಟು ಸೇವಂತಿಗೆ ಏರಿಸಿದ್ದರು. ಭುವನೇಶ್ವರಿ ಊದಿನಕಡ್ಡಿ ಹಚ್ಚಿದಳು.

ಅವನು ಏನು ಮಾಡಿದ್ದ ಎಂಬುದು ಆಗ ತಿಳಿಯಿತು. ಆಟದೊಳಗಿನ ಊರಿನಲ್ಲಿ ಒಂದು ಗುಡಿ ಇದೆ, ದೀಪ ಹಿಡಿದ ಒಬ್ಬ ಕಲ್ಲಿನ ಹೆಂಗಸಿನ ಮೂರ್ತಿ. ಅವಳೇ ಸರಸ್ವತಿ ಎಂದು ಇವನ ಲೆಕ್ಕ. ವೀರನಿಗೆ ಒಮ್ಮೆಗೆ ಹೊರಲಾಗುವುದು ಇಷ್ಟೇ ಎಂಬ ಮಿತಿಯಿರುವುದರಿಂದ, ಮನೆಯಿಂದ ಗುಡಿಗೆ ಹನ್ನೊಂದು ಸಲ ನಡೆದು ಮುನ್ನೂರ ನಲವತ್ತೇಳನ್ನೂ ಅವಳ ಮೆಟ್ಟಿಲ ಮೇಲೆ ಜೋಡಿಸಿದ್ದ. ಹೊರಗೆ ನಾವು ದಿನ ಕಳೆದರೆ ಸಾಲದು, ಒಳಗೂ ನವರಾತ್ರಿ ಕಳೆಯಬೇಕು ಎಂದು ವೀರನನ್ನು ಛತ್ರದಲ್ಲಿ ಒಂಬತ್ತು ದಿನ ಮಲಗಿಸಿದ್ದ. ಎಲ್ಲ ಮುಗಿಸಿ, ಆಟವನ್ನು ಅಲ್ಲಿಗೆ ಉಳಿಸಿ, ಕಂಪ್ಯೂಟರ್ ಆರಿಸಿ, ಪೂಜೆ ಇಳಿಯುವವರೆಗೆ ಮುಟ್ಟಿರಲಿಲ್ಲ.

ಈಗ ವೀರ ಛತ್ರದಿಂದ ಎದ್ದ, ಬೀದಿ ದಾಟಿದ, ಗುಡಿಯ ಬಾಗಿಲು ತೆರೆದ.

ಮೆಟ್ಟಿಲು ಖಾಲಿ. ಒಂದು ಹಾಳೆಯೂ ಇರಲಿಲ್ಲ. ಒಬ್ಬ ಮುದುಕ ಪೊರಕೆ ಹಿಡಿದು ಗುಡಿಸುತ್ತಿದ್ದ.

ಬಸಲಿಂಗ ಗುಡಿಯ ಹಿಂದೆ ಹೋದ, ಮೂಲೆ ಮೂಲೆ ನೋಡಿದ. ಕೆರೆದಂಡೆಯ ಮನೆಗೆ ಓಡಿದ. ಮೂರು ಗೋಡೆಯ ಕಪಾಟೂ ಬೋಳು. ಫ್ಯಾಕ್ಟರಿಯ ಗೆಳೆಯನಿಗೆ ಫೋನು ಹಚ್ಚಿದ. ಅವನು ಹೇಳಿದ್ದು ನಮಗೂ ಕೇಳಿಸಿತು. ನಮ್ಮದಲ್ಲದ ಜಾಗದಲ್ಲಿ ಇಟ್ಟದ್ದನ್ನು ಕೆಲವು ದಿನ ಕಳೆದರೆ ಆಟವೇ ಅಳಿಸಿಹಾಕುತ್ತದಂತೆ, ಅದು ಎಲ್ಲರಿಗೂ ಗೊತ್ತಿರುವ ವಿಷಯವಂತೆ. “ಹಳೇ ಸೇವ್ ಇರುತ್ತಲ್ಲ ಮಗಾ, ಅದನ್ನ ಓಪನ್ ಮಾಡು, ಹಿಂದಿನ ಹಾಗೇ ಬರುತ್ತೆ,” ಎಂದ ಆ ಗೆಳೆಯ. ಎಲ್ಲರೂ ಆಟದ ಹತ್ತಾರು ಪ್ರತಿ ಉಳಿಸಿಟ್ಟುಕೊಳ್ಳುತ್ತಾರೆ. ಬಸಲಿಂಗ ಒಂದರ ಮೇಲೊಂದು ಬರೆಯುತ್ತಾ ಒಂದನ್ನೇ ಇಟ್ಟಿದ್ದ.

“ಸ್ಟೋರ್ಸಿಗೆ ಎರಡ ರಿಜಿಸ್ಟರ್ ಇಟ್ಟಾಂವ ಕಳ್ಳ ಅಂತಾರಲ್ರಿ,” ಎಂದ ನನ್ನ ಕಡೆ ತಿರುಗಿ, ನಾನೇನೋ ಆಕ್ಷೇಪಿಸಿದ ಹಾಗೆ. ವೀರನನ್ನು ಮತ್ತೆ ಗುಡಿಗೆ ನಡೆಸಿಕೊಂಡು ಹೋಗಿ, ಆ ಪೊರಕೆಯ ಮುದುಕನನ್ನೇ ನೋಡುತ್ತಾ, “ಅಂವಂದೇನ ತಪ್ಪೈತ್ರಿ. ಗುಡಿ ಸ್ವಚ್ಛ ಇಡಬೇಕಲ್ಲ,” ಎಂದ. ಆಮೇಲೆ ಕಂಪ್ಯೂಟರ್ ಆರಿಸಿದ.

ನಾನು ಕೋಸಂಬರಿ ಹಿಡಿದುಕೊಂಡೇ ಕೆಳಗೆ ಬಂದೆ. ಮೊದಲು ಅವನ ಮೇಲೆ ಸಿಟ್ಟು ಬಂತು. ನಾನು ತಮಾಷೆಗೆ ಅಂದದ್ದನ್ನು ಯಾರಾದರೂ ಹೀಗೆ ಮಾಡುತ್ತಾರೆಯೇ, ಬುದ್ಧಿ ಬೇಡವೇ ಎಂದು. ಸಿಟ್ಟು ಇಳಿದ ಮೇಲೆ ತಪ್ಪು ಯಾರದೆಂದು ತಿಳಿಯಿತು. ಮನುಷ್ಯ ನನ್ನ ಮಾತನ್ನು ನಂಬಿದ್ದ. ಆ ಕಾಗದವನ್ನು ಎರಡು ಸಲ ಓದಿದವನು ನನ್ನ ಯಾವ ಮಾತನ್ನು ತಾನೇ ಹಗುರವಾಗಿ ತೆಗೆದುಕೊಂಡಾನು? ನನ್ನ ನಾಲಿಗೆಗೆ ಬರೆ ಹಾಕಬೇಕು ಎಂದು ಅಂದು ಅಡುಗೆಮನೆಯಲ್ಲಿ ಕೂತು ಅತ್ತೆ.

ಸಂಜೆ ಏಳರ ದನಿ ನಿಂತುಹೋಯಿತು. ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಕಂಪ್ಯೂಟರಿನ ಮೇಲೆ ಹಳೇ ಲುಂಗಿ ಮುಚ್ಚಿದ್ದರು. ಹದಿನೈದು ದಿನ ಕಳೆದ ಮೇಲೆ ಭುವನೇಶ್ವರಿ ಅಂಗಡಿಗೆ ಬಂದಳು. “ನಮ್ಮನಿಯವ್ರು ಮಾತ ಆಡವಲ್ರು ಅಕ್ಕಾರ. ಬರ್ತಾರ, ಉಣ್ತಾರ, ಗ್ವಾಡಿ ನೋಡಕೋಂತ ಕುಂದರ್ತಾರ. ನನಗ ಮೈಯಾಗ ಜೀವ ಇಲ್ದಂಗ ಆಗೈತ್ರಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಮೊದಲಿನಿಂದ ಕೂಡಿಸು ಎಂದು ಅವಳು ಹೇಳಿ ನೋಡಿದ್ದಳಂತೆ. ಮತ್ತೆ ಒಂದು ದಿನ ಹಿಂಗ ಹೋಗೂದ ಅಲ್ಲೇನ, ಎಂದಿದ್ದನಂತೆ.

ಆ ಭಾನುವಾರ ಮಧ್ಯಾಹ್ನ ಅಪ್ಪನ ಬೀರುವಿನಿಂದ ಆರು ಪುಸ್ತಕ ಆರಿಸಿ, ಧೂಳು ಕೊಡವಿ, ಮೇಲೆ ತೆಗೆದುಕೊಂಡು ಹೋದೆ. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. “ತಗೋ, ಓದು. ಇವು ನಿಜವಾದವು, ಇವನ್ನ ಯಾವ ಮುದುಕನೂ ಗುಡಿಸಲ್ಲ,” ಎಂದೆ.

ಬಸಲಿಂಗ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ರೂಮಿನ ಸುತ್ತ ಒಮ್ಮೆ ನೋಡಿದ. ಆಮೇಲೆ ಮಂಚದ ಕೆಳಗಿನ ಟ್ರಂಕನ್ನು ಎಳೆದು, ಕಂಬಳಿಗಳ ಅಡಿಗೆ ಅವನ್ನು ಸೇರಿಸತೊಡಗಿದ.

ನನಗೆ ಉರಿದುಹೋಯಿತು. “ಅಲ್ಲಯ್ಯಾ, ನಮ್ಮಪ್ಪನ ಪುಸ್ತಕ ಕಂಬಳಿ ಕೆಳಗಾ? ಆಟದೊಳಗೆ ಮೂರು ಗೋಡೆ ತುಂಬ ಕಪಾಟು ಕಟ್ತೀಯ, ಇಲ್ಲಿ ಒಂದು ಹಲಗೆ ಹಾಕ್ಕೊಳಕ್ಕೆ ಆಗಲ್ವಾ?”

ಅವನು ತಲೆ ತಗ್ಗಿಸಿದ. ಭುವನೇಶ್ವರಿ ತಡೆಯಲಾರದೆ ಅಂದುಬಿಟ್ಟಳು. “ಎಲ್ಲಿ ಹಾಕೂಣ್ರೀ ಅಕ್ಕಾರ? ಮೊಳಿ ಹೊಡೀಬ್ಯಾಡ ಅಂತ ನೀವ ಚೀಟಿ ಕೊಟ್ಟಿಲ್ಲೇನ್ರಿ? ಕಾಡಗೋಡ್ಯಾಗೂ ಹಂಗ, ಅದರ ಮುಂದಿನ ಮನ್ಯಾಗೂ ಹಂಗ. ಗ್ವಾಡಿ ಸಿಗಲಿಲ್ಲಂತ ಆ ಡಬ್ಬಿಯೊಳಗ ಗ್ವಾಡಿ ಮಾಡ್ಕೊಂಡಾರ ಇವ್ರು.”

“ಏ, ಸುಮ್ನಿರ,” ಎಂದ ಬಸಲಿಂಗ.

ಸುತ್ತ ನೋಡಿದೆ. ನಾಲ್ಕು ಗೋಡೆಯಲ್ಲಿ ಒಂದು ಕ್ಯಾಲೆಂಡರೂ ಇರಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದರು.

ನನ್ನ ಮುಖ ನೋಡಿ ಭುವನೇಶ್ವರಿಗೇ ಪಾಪವೆನ್ನಿಸಿರಬೇಕು. ಮಾತು ತಿರುಗಿಸಲು, “ಕುಂದರ್ರಿ ಅಕ್ಕಾರ. ಸೇತುವಿ ಕಾಯಾಂವನ ಕತಿ ಕೇಳೀರೇನ್ರಿ? ಹೇಳ್ತೀನಿ,” ಎಂದು ಶುರು ಮಾಡಿದಳು. ಒಬ್ಬ ರಾಜ ಒಂದು ಸೇತುವೆಗೆ ಕಾವಲುಗಾರನನ್ನು ಇಟ್ಟಿದ್ದ. ರಾಜ ಸತ್ತ, ರಾಜ್ಯ ಹೋಯಿತು, ಕಾವಲುಗಾರನಿಗೆ ಯಾರೂ ತಿಳಿಸಲಿಲ್ಲ. ಹೊಳೆ ಬೇರೆ ಕಡೆ ಹರಿದುಹೋಯಿತು. ಅವನು ಮಾತ್ರ ಒಣ ನೆಲದ ಮೇಲಿನ ಸೇತುವೆಯನ್ನು ಕಾಯುತ್ತಾ ನಿಂತಿದ್ದ. ಒಂದು ದಿನ ಒಬ್ಬ ಮುದುಕಿ ಬಂದಳು. “ಬರೂವಾಗ ಬುತ್ತಿ ತಂದಿದ್ಲು ನೋಡ್ರಿ. ಎರಡ ರೊಟ್ಟಿ, ಶೇಂಗಾ ಹಿಂಡಿ,” ಎಂದು ಭುವನೇಶ್ವರಿ ಕೈಯಲ್ಲೇ ರೊಟ್ಟಿಯ ಅಗಲ ತೋರಿಸಿದಳು.

“ಅದರಾಗ ರೊಟ್ಟಿ ಇರಲಿಲ್ಲ,” ಎಂದ ಬಸಲಿಂಗ.

ನಾವಿಬ್ಬರೂ ತಿರುಗಿದೆವು. ಹದಿನೈದು ದಿನದಲ್ಲಿ ಪುಸ್ತಕದ ಬಗ್ಗೆ ಅವನಾಗಿಯೇ ಆಡಿದ ಮೊದಲ ಮಾತು.

“ಇತ್ತು. ನೀವ ಹೇಳಿದ್ರಿ,” ಎಂದಳು ಹೆಂಡತಿ.

“ಇಂಗ್ಲಿಷಿನ್ಯಾಗ ಒಣ ಮೀನ ಅಂತಿತ್ತು. ಮೀನ ಅಂದ್ರ ನೀ ಉಣ್ಣೂದ ಬಿಡ್ತಿ ಅಂತ ನಾನ ರೊಟ್ಟಿ ಮಾಡಿದ್ದೆ.”

“ಮತ್ತ ಮುದುಕಿ ಅತ್ತಿದ್ದು?”

“ಅದೂ ಇರಲಿಲ್ಲ. ಅಕಿ ಸುಮ್ನ ಹೋಗಿದ್ಲು. ನನಗ ಸಮಾಧಾನ ಆಗಲಿಲ್ಲ.”

ಭುವನೇಶ್ವರಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. “ಇನ್ನ ಏನೇನ ಸುಳ್ಳ ಹೇಳೀರಿ ನನಗ?” ಎಂದಳು. ಅವನು ಬೆರಳು ಮಡಿಚುತ್ತಾ ಒಂದೊಂದೇ ಒಪ್ಪಿಕೊಳ್ಳತೊಡಗಿದ. ಮಾಟಗಾತಿಗೆ ತನ್ನ ಸೋದರತ್ತೆಯ ಹೆಸರಿಟ್ಟಿದ್ದ. ಸತ್ತ ಕುದುರೆಯನ್ನು ಬದುಕಿಸಿದ್ದ.

ಆಗ ನನಗೊಂದು ಹೊಳೆಯಿತು. ಮೀನಿನ ಪುಸ್ತಕ ಆ ಆಟ ಇರುವ ಲಕ್ಷ ಕಂಪ್ಯೂಟರಿನಲ್ಲಿ ಇದೆ, ಯಾರು ಬೇಕಾದರೂ ಗುಹೆಗೆ ಹೋಗಿ ಎತ್ತಿಕೊಳ್ಳಬಹುದು. ರೊಟ್ಟಿಯ ಪುಸ್ತಕ ಇರುವುದು ಈ ಹೆಣ್ಣಿನ ತಲೆಯಲ್ಲಿ ಮಾತ್ರ. ಎದ್ದು ಅಂಗಡಿಗೆ ಹೋಗಿ ಒಂದು ಲಾಂಗ್ ಬುಕ್ಕು, ಎರಡು ಪೆನ್ನು ತಂದೆ. “ಅವ್ಳು ಹೇಳ್ಲಿ, ನೀನು ಬರಿ,” ಎಂದೆ. “ರೊಟ್ಟೀನೇ ಇರ್ಲಿ ಕಣೋ, ಮೀನು ಬೇಡ.”

ಅವನು ಪುಸ್ತಕದ ಮೊದಲ ಪುಟವನ್ನು ಅಂಗೈಯಿಂದ ಸವರಿದ. ಬರೆಯಲು ಕೂತ. ಅವಳು ಹೇಳಿದಳು, ಅವನು ತಿದ್ದಿದ, ಅವಳು ಜಗಳಕ್ಕೆ ನಿಂತಳು. ಸಂಜೆ ಏಳಕ್ಕೆ ನಾನು ಮೆಟ್ಟಿಲ ಕೆಳಗೆ ಏನೂ ಹುಡುಕದೆಯೇ ನಿಂತು ಕೇಳಿದೆ.

ಒಂದು ಕಥೆಗೆ ಅವರಿಗೆ ಒಂದು ವಾರ ಹಿಡಿಯಿತು. ಬರೆದು ಮುಗಿಸಿ, ಆ ಹಾಳೆಗಳನ್ನು ಬಿಡಿಸಿ, ರಟ್ಟು ಹಾಕಿ ಹೊಲಿದು, ಮೇಲೆ ಹೆಸರು ಬರೆದಿದ್ದರು. ಹೊಲಿಗೆ ಭುವನೇಶ್ವರಿಯದು, ಗಾರ್ಮೆಂಟ್ಸಿನ ಅಚ್ಚುಕಟ್ಟು. ನಾನು ಮುಂದಿನ ಭಾನುವಾರ ಸುತ್ತಿಗೆ, ಮೊಳೆ, ಎರಡು ಕಬ್ಬಿಣದ ಬ್ರಾಕೆಟ್ಟು, ಅಪ್ಪ ಕೂತು ಬರೆಯುತ್ತಿದ್ದ ಮೇಜಿನ ಹಲಗೆ ಹೊತ್ತುಕೊಂಡು ಹತ್ತಿ ಹೋದೆ. ಬಸಲಿಂಗ ಸುತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ, ಮುಟ್ಟಲಿಲ್ಲ.

“ಅಕ್ಕಾರ, ಚೀಟ್ಯಾಗ ಬರದೈತಲ್ರಿ...”

“ಬರ್ದೋಳು ನಾನೇ ಅಲ್ವೇನೋ? ಸರಿ ಅತ್ಲಾಗೆ.”

ಮೊದಲ ಮೊಳೆ ನಾನೇ ಹೊಡೆದೆ. ಅಪ್ಪನ ಗೋಡೆ, ಗಟ್ಟಿ ಗಾರೆ, ಮೊಳೆ ಸೊಟ್ಟಗಾಯಿತು. ಒಂದಿಷ್ಟು ಸುಣ್ಣ ಉದುರಿತು. ನೋವಾಗಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಉಳಿದದ್ದನ್ನು ಅವನು ನೂಲು ಹಿಡಿದು, ಗುರುತು ಮಾಡಿ, ಸ್ಟೋರ್ಸಿನವನ ಹಾಗೆ ಅಳತೆಯಾಗಿ ಹೊಡೆದ. ಹಲಗೆ ಕೂತಿತು. ಟ್ರಂಕಿನಿಂದ ಅಪ್ಪನ ಆರು ಪುಸ್ತಕ ತೆಗೆದು ಒಂದು ತುದಿಗೆ ನಿಲ್ಲಿಸಿದ. ಇನ್ನೊಂದು ತುದಿಯಲ್ಲಿ ಸೇತುವೆ ಕಾಯುವವನನ್ನು ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ, ಮತ್ತೆ ಹತ್ತಿರ ಹೋಗಿ ಒಂದು ಬೆರಳಷ್ಟು ಸರಿಸಿದ.

“ಇನ್ನ ಮುನ್ನೂರಾ ನಲವತ್ತಾರ ಅದಾವ್ರಿ ಅಕ್ಕಾರ,” ಎಂದ.

ವಾರಕ್ಕೊಂದರಂತೆ ಬರೆದರೆ ಎಷ್ಟು ವರ್ಷವಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರೇಳು ವರ್ಷ. ಅಲ್ಲಿಯವರೆಗೆ ಇವರು ಎಲ್ಲಿಗೂ ಹೋಗುವಂತಿಲ್ಲ.

“ಹಾಗಾದ್ರೆ ಒಂದು ಹಲಗೆ ಎಲ್ಲಿ ಸಾಕಾಗತ್ತೆ?” ಎಂದೆ. “ಆ ಗೋಡೆಗೂ ಗುರುತು ಹಾಕು.”